ಅಮೃತಶಿಲೆ ಎಲ್ಲಿ, ಗಾರೆ ಎಲ್ಲಿ

ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಯವರೆಗೆ ಚಾಚಿದರೆ ಒಂದು ಚೋಟು. ನನ್ನ ಚೋಟು ಸರಿಯಾಗಿ 17 ಸೆಂಟಿಮೀಟರ್ ಎಂದು ನನಗೆ ತಿಳಿದದ್ದು ಐವತ್ತರ ಹತ್ತಿರದ ವಯಸ್ಸಿನಲ್ಲಿ. 2023ರ ಜೂನ್ ತಿಂಗಳ ಒಂದು ಶನಿವಾರ, ನಾಸಿಕ್‌ನ ಕೆನಡಾ ಕಾರ್ನರ್ ಕಡೆಯ ಕಂಪ್ಯೂಟರ್ ಅಂಗಡಿಯೊಂದರ ಗಾಜಿನ ಮೇಜಿನ ಮುಂದೆ ಅದು ಗೊತ್ತಾಯಿತು. ಅಕ್ಕನ ಮಗಳು ಬೂದುಬಣ್ಣದ ಮಿರುಗುವ ಚೀಲದಿಂದ ಮದರ್‌ಬೋರ್ಡನ್ನು ಎಳೆದು, ಅಂಚು ಹಿಡಿದು ನನ್ನ ಮುಂದಿಟ್ಟಳು. ನಾನು ಸುಮ್ಮನೆ ಬೆರಳು ಚಾಚಿ ಅಳೆದೆ. ಚೋಟುದ್ದ, ಚೋಟಗಲ.

"ನೋಡ್ರಿ ಮಾಮಾ, ನಿಮ್ಮ ಕೈಗೆ ಅಳತಿ ತಗೊಂಡು ಮಾಡ್ಯಾರ" ಎಂದಳು.

ಈ ಅಳತೆಗೆ ಮಿನಿ ಐಟಿಎಕ್ಸ್ ಎಂದು ಹೆಸರು. ತೈವಾನಿನ ವಿಯಾ ಕಂಪನಿ 2001ರಲ್ಲಿ ಹಾಕಿಕೊಟ್ಟ ಚೌಕಟ್ಟು: 170 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಅಲ್ಲಿಂದೀಚೆಗೆ ಪ್ರೊಸೆಸರುಗಳ ಎಷ್ಟೋ ತಲೆಮಾರು ಬಂದುಹೋದವು, ಮೆಮರಿಯ ಕಡ್ಡಿಗಳು ಬದಲಾದವು, ಹಿಂಬದಿಯ ಕಿಂಡಿಗಳು ಬದಲಾದವು. ಈ ಚೋಟು ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಮಾಮೂಲಿ ಎಟಿಎಕ್ಸ್ ಬೋರ್ಡು 305ಕ್ಕೆ 244 ಮಿಲಿಮೀಟರ್. ಅದರ ಹರವಿನ ಐದರಲ್ಲಿ ಎರಡು ಪಾಲು ಜಾಗದಲ್ಲಿ ಇಲ್ಲಿ ಸಂಸಾರ ನಡೆಯಬೇಕು. ಪ್ರೊಸೆಸರ್ ಕೂರುವ ಮಣೆ ಇದೆ, ರ್‍ಯಾಮಿಗೆ ಎರಡು ಸಾಲು ಇವೆ, ಮುಂದೆಂದಾದರೂ ಗ್ರಾಫಿಕ್ಸ್ ಕಾರ್ಡು ಬಂದರೆ ಇರಲಿ ಎಂದು ಒಂದು ಉದ್ದನೆಯ ಸ್ಲಾಟೂ ಇದೆ. ಮುಂಬಯಿಯ ಚಾಳಿನ ಒಂದೇ ಖೋಲಿಯಲ್ಲಿ ಅಡುಗೆಮನೆ, ದೇವರಮನೆ, ಮಲಗುವ ಮನೆ ಮೂರನ್ನೂ ಮಾಡಿಕೊಂಡ ಮನೆಯೊಡತಿಯ ಜಾಣತನ ಅದರಲ್ಲಿತ್ತು.

ಹುಡುಗಿ ಛತ್ರಪತಿ ಸಂಭಾಜಿನಗರದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾಳೆ. ನಾನು ಸಾತ್ಪುರ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತ ನಾಸಿಕ್‌ನವನೇ ಆಗಿಹೋದವನು. ಮೂಲ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಅಕ್ಕ ಆ ವರ್ಷದ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ 35 ಸಾವಿರ ತೆಗೆದು ಕಳಿಸಿದ್ದಳು. "ಕಂಪ್ಯೂಟರ್ ಕೊಡಸು, ನೀ ಸಂಗಾಟ ಇರು" ಎಂದು ನನಗೆ ಫೋನು. ಮಾನಿಟರು ಹಳೆಯದು ಸಿಕ್ಕಿತ್ತು. ಉಳಿದದ್ದೆಲ್ಲ ಆ 35 ಸಾವಿರದೊಳಗೆ. ಹುಡುಗಿಯ ಕರಾರು ಎರಡು. ಸಿಡ್ಕೊ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಒಂದೇ ಮೇಜು, ಅದರಲ್ಲೂ ಅರ್ಧ ಗೆಳತಿಯದು, ಹಾಗಾಗಿ ಡಬ್ಬಿ ಪುಸ್ತಕದಷ್ಟಿರಬೇಕು. ಎರಡನೆಯದು, ದೀಪಾವಳಿಗೂ ಬೇಸಿಗೆಗೂ ಬಸ್ಸಿನಲ್ಲಿ ಊರಿಗೆ ಒಯ್ಯುವಂತಿರಬೇಕು. 52ನೇ ರಾಷ್ಟ್ರೀಯ ಹೆದ್ದಾರಿ ಸಂಭಾಜಿನಗರದಿಂದ ಬೀಡ, ಸೊಲ್ಲಾಪುರ ಹಾಯ್ದು ನೇರ ವಿಜಯಪುರಕ್ಕೇ ಬರುತ್ತದೆ. ಊರಲ್ಲಿ ಟಿವಿಯೇ ಮಾನಿಟರು.

"ಹಂಗಾದ್ರ ಲ್ಯಾಪ್‌ಟಾಪ್ ತಗೋಬಾರದ?"

"ಲ್ಯಾಪ್‌ಟಾಪಿನ್ಯಾಗ ನಾ ಆರಿಸೋದು ಏನೈತ್ರಿ ಮಾಮಾ? ಬಣ್ಣ ಅಷ್ಟ."

ಆರಿಸುವ ಸುಖ ಬೇಕಿತ್ತು ಅವಳಿಗೆ. ಅದನ್ನು ಕೇಳಿದ ಮೇಲೆ ನನಗೂ ಬೇಕೆನಿಸಿತು.

ಮೊದಲ ಪೆಟ್ಟು ಬೆಲೆಯದು. ಇದಕ್ಕಿಂತ ದೊಡ್ಡ, ಮೈಕ್ರೋ ಎಟಿಎಕ್ಸ್ ಬೋರ್ಡು ಪಕ್ಕದಲ್ಲೇ ಇತ್ತು. ಅದೇ ಚಿಪ್‌ಸೆಟ್ಟು, ರ್‍ಯಾಮಿಗೆ ಎರಡು ಸ್ಲಾಟು ಹೆಚ್ಚು, ಬೆಲೆ ಹೆಚ್ಚುಕಡಿಮೆ ಅರ್ಧ. ಅಂಗಡಿಯವರು ಮರಾಠಿಯಲ್ಲಿ, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ, "ತಾಈ, ದುಡ್ಡು ಹೆಚ್ಚು ಕೊಟ್ಟು ಕಡಿಮೆ ಯಾಕೆ ಒಯ್ಯುತ್ತೀರಿ?" ಎಂದರು. ನನಗೂ ಅದೇ ಅನಿಸಿತ್ತು. ಆದರೆ ದ್ರಾಕ್ಷಿ ಬೆಳೆಯುವ ಮನೆಯವಳು ಅಷ್ಟಕ್ಕೆ ಸೋಲುತ್ತಾಳೆಯೆ? ಹಸಿ ದ್ರಾಕ್ಷಿಗಿಂತ ಒಣದ್ರಾಕ್ಷಿಗೆ ಕಿಲೋಗೆ ಎಷ್ಟು ಪಟ್ಟು ಬೆಲೆ ಎಂದು ಅವಳಿಗೆ ಗೊತ್ತು. ನಾಲ್ಕು ಕಿಲೋ ಹಣ್ಣು ಚಪ್ಪರದ ನೆರಳಲ್ಲಿ ವಾರಗಟ್ಟಲೆ ನೀರು ಕಳೆದುಕೊಂಡು ಒಂದು ಕಿಲೋ ಆಗುತ್ತದೆ. ಆ ಕುಗ್ಗಿಸುವ ಕೆಲಸಕ್ಕೇ ಕೂಲಿ. ಅವಳು ಇದನ್ನು ಅಂಗಡಿಯವರಿಗೆ ಹೇಳಿದಾಗ ನಾಸಿಕ್‌ನ ಆ ಮನುಷ್ಯ ಒಂದು ಕ್ಷಣ ಸುಮ್ಮನಿದ್ದು, ಮರುಮಾತಾಡದೆ ಬಿಲ್ಲಿನ ಪುಸ್ತಕ ತೆಗೆದರು. ದ್ರಾಕ್ಷಿಯ ತರ್ಕ ಅಲ್ಲೂ ನಡೆಯುತ್ತದೆ.

ನನ್ನ ತಕರಾರು ಬೇರೆ ಬೇರಿನದು. ಗೋಲಗುಮ್ಮಟದ ಊರಿನವನು ನಾನು. ಹೊರಗಿನಿಂದ ಅಳೆದರೆ 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ, ಪಿಸುಗುಟ್ಟಿದರೆ ಎದುರು ಗೋಡೆಯಲ್ಲಿ ಕೇಳುತ್ತದೆ. ಶಾಲೆಯ ಪ್ರವಾಸಕ್ಕೂ ಅದೇ, ನೆಂಟರು ಬಂದರೂ ಅದೇ. ಅಂಥಲ್ಲಿ ಬೆಳೆದವನಿಗೆ ದೊಡ್ಡದೇ ಚೆಂದ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಊರಿನಲ್ಲಿ ಮೆಹತರ್ ಮಹಲ್ ಎಂಬ ಸಣ್ಣ ಹೆಬ್ಬಾಗಿಲು ಇದೆ. ಕಲ್ಲನ್ನು ಮರದಂತೆ ಕೊರೆದ ಚಾಚುಪೀಠಗಳು, ಹೂವಿನಂಥ ಕೆತ್ತನೆ. ಹೆಸರು ಮಹಲ್, ಇರುವುದು ಒಂದು ಮಸೀದಿಯ ಬಾಗಿಲು. ಅದರ ಮುಂದೆ ಸೈಕಲ್ಲಿನಲ್ಲಿ ಸಾವಿರ ಸಲ ಹಾದಿದ್ದೇನೆ. ತಲೆಯೆತ್ತಿ ನೋಡಿದ್ದು ಊರು ಬಿಟ್ಟ ಮೇಲೆ, ರಜೆಗೆ ಬಂದಾಗ.

ಮರುದಿನ ಬೆಳಿಗ್ಗೆ ಬೋರ್ಡು, ಪ್ರೊಸೆಸರ್ ಎರಡನ್ನೂ ಚೀಲದಲ್ಲಿಟ್ಟುಕೊಂಡು ಎಸ್‌ಟಿ ಬಸ್ಸು ಹತ್ತಿದೆವು. ನಿಫಾಡದ ದ್ರಾಕ್ಷಿ ತೋಟಗಳು ಕಳೆದು ಯೇವಲೆ ಬಂತು. ಪೈಠಣಿ ಸೀರೆ ನೇಯುವ ಊರು. ಹೆಸರು ಪೈಠಣದ್ದು, ಮಗ್ಗಗಳ ಸದ್ದು ಇಲ್ಲಿ. ಬಸ್ಸು ನಿಂತಲ್ಲಿ ಇಳಿದು ಒಂದು ನೇಕಾರರ ಮನೆಯಂಗಡಿಗೆ ಹೊಕ್ಕೆವು, ಕೊಳ್ಳುವ ಶಕ್ತಿ ಇಲ್ಲದೆಯೇ. ಅಲ್ಲಿನ ಮುದುಕಿ ಸೆರಗನ್ನು ತೋರಿಸಿ, ಮಾತಾಡದೆ ಮಗುಚಿ ಹಿಂಬದಿ ತೋರಿಸಿದಳು. ಅದೇ ನವಿಲು, ಅದೇ ಕಮಲ, ಒಂದು ಎಳೆಯ ತುದಿಯೂ ಜೋತಿರಲಿಲ್ಲ. ಪ್ರತಿ ಬಣ್ಣಕ್ಕೂ ಬೇರೆ ಪುಟ್ಟ ಕಂಡಿಕೆ ಹಿಡಿದು, ಎಲ್ಲಿ ಬಣ್ಣ ಮುಗಿಯಿತೋ ಅಲ್ಲೇ ಪಕ್ಕದ ಎಳೆಗೆ ಕೊಂಡಿ ಹಾಕಿ ಹಿಂದಿರುಗುವ ನೇಯ್ಗೆ ಅದು. ಹಿಂಬದಿ ನೋಡಿ ಕೊಳ್ಳಬೇಕು ಎಂಬುದು ಅವಳ ಪಾಠ.

ಬಸ್ಸಿಗೆ ಮರಳಿದ ಮೇಲೆ ಹುಡುಗಿ ಚೀಲದಿಂದ ಬೋರ್ಡನ್ನು ಅರ್ಧ ಹೊರಗೆಳೆದು ಮಗುಚಿದಳು. ಕಪ್ಪು ನೆಲದ ಮೇಲೆ ಕಪ್ಪುಗೆರೆ. ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಮೆಮರಿಯ ಸ್ಲಾಟಿನಿಂದ ಪ್ರೊಸೆಸರಿನ ಕಡೆಗೆ ಗೆರೆಗಳ ತೊರೆ ಹರಿದಿತ್ತು. ಕೆಲವು ನೆಟ್ಟಗೆ, ಕೆಲವು ಹಾವಿನ ಹಾಗೆ ಡೊಂಕು ಡೊಂಕಾಗಿ. ಜಾಗವೇ ಇಲ್ಲದಲ್ಲಿ ಈ ಸೊಟ್ಟನಡಿಗೆ ಯಾಕೆ ಎಂದೆ. ಅವಳು ವಿವರಿಸಿದಳು, ಅವಳಿಗೆ ಯಾರೋ ಮೇಷ್ಟ್ರು ಹೇಳಿದ್ದಂತೆ. 3200 ಎಂದು ಬರೆದಿರುವ ಮೆಮರಿಯಲ್ಲಿ ಒಂದೊಂದು ಗೆರೆಯ ಮೇಲೂ ಸೆಕೆಂಡಿಗೆ 320 ಕೋಟಿ ಸಂಕೇತ ಓಡುತ್ತವೆ. ಒಂದು ಸಂಕೇತದ ಆಯುಷ್ಯದಲ್ಲಿ ವಿದ್ಯುತ್ತು ಬೋರ್ಡಿನ ಮೇಲೆ ಸಾಗುವುದು ಐದು ಸೆಂಟಿಮೀಟರಿನಷ್ಟು. ಹೀಗಿರುವಾಗ ಒಂದು ಗೆರೆ ಚಿಕ್ಕದು, ಒಂದು ಉದ್ದ ಆದರೆ ಒಟ್ಟಿಗೆ ಹೊರಟವರು ಒಟ್ಟಿಗೆ ಮುಟ್ಟುವುದಿಲ್ಲ. ಆದ್ದರಿಂದ ಹತ್ತಿರದ ದಾರಿಯವರನ್ನು ಬೇಕೆಂದೇ ಸುತ್ತಿಸುತ್ತಾರೆ. ಪಲ್ಲಕ್ಕಿ ಹೊತ್ತವರಲ್ಲಿ ಎತ್ತರದವನು ಮಂಡಿ ಬಗ್ಗಿಸಿ ನಡೆದಂತೆ. ಯಾರೂ ನೋಡದ ಹಿಂಬದಿಯಲ್ಲಿ ಆ ಸೊಟ್ಟ ಗೆರೆಗಳು ಬಹಳ ಹೊತ್ತು ನನ್ನ ಕಣ್ಣು ಹಿಡಿದಿಟ್ಟವು. ವೈಜಾಪುರ ಬಂದದ್ದೇ ಗೊತ್ತಾಗಲಿಲ್ಲ.

ಪ್ರೊಸೆಸರಿನ ಬಗ್ಗೆ ವಾದವಿರಲಿಲ್ಲ. ರೈಜೆನ್ 5 5600ಜಿ: ಆರು ಕೋರು, ಹನ್ನೆರಡು ಥ್ರೆಡ್ಡು, ಒಳಗೇ ವೇಗಾ ಗ್ರಾಫಿಕ್ಸ್. ಬೇರೆ ಗ್ರಾಫಿಕ್ಸ್ ಕಾರ್ಡು ಬೇಡ, ಅದಕ್ಕೆ ಜಾಗ ಬೇಡ, ಅದರ ಬೆಂಕಿ ಬೇಡ. 65 ವಾಟಿನದು, ಮನೆಯ ಹಳೆಯ ಸೀಲಿಂಗ್ ಫ್ಯಾನು ಇದಕ್ಕಿಂತ ಹೆಚ್ಚು ಉಣ್ಣುತ್ತದೆ. ನಾಲ್ಕು ಸೆಂಟಿಮೀಟರ್ ಚೌಕದ ಈ ಬಿಲ್ಲೆಯ ಕೆಳಗೆ 1331 ಚಿನ್ನದ ಲೇಪದ ಕಾಲುಗಳು. ಒಳಗಿನ ಸಿಲಿಕಾನ್ ತುಣುಕಿನಲ್ಲಿ ಸಾವಿರ ಕೋಟಿಗೂ ಮೀರಿದ ಟ್ರಾನ್ಸಿಸ್ಟರುಗಳು. ಆ ದೊಡ್ಡ ಸಂಖ್ಯೆ ಮನಸ್ಸಿಗೆ ನಾಟುವುದಿಲ್ಲ, ಸಣ್ಣದು ನಾಟುತ್ತದೆ. 1331 ಎಂದರೆ ಹನ್ನೊಂದು ಹನ್ನೊಂದಲೆ ಹನ್ನೊಂದಲೆ ಎಂದು ನಾನು ಮಗ್ಗಿ ಒಪ್ಪಿಸಿದೆ. "ಅದು ಸುಮ್ನ ಹಂಗ ಬಂದದ್ದು ಇರಬೇಕ್ರಿ" ಎಂದು ಹುಡುಗಿ ನನ್ನ ಸಂಭ್ರಮಕ್ಕೆ ನೀರೆರಚಿದಳು.

ರ್‍ಯಾಮಿನಲ್ಲಿ ಮಾತ್ರ ಅವಳು ಹಟಮಾರಿ. 16 ಜಿಬಿಯ ಒಂದು ಕಡ್ಡಿ ತಗೊಂಡರೆ ನಾಳೆಗೆ ಒಂದು ಸ್ಲಾಟು ಖಾಲಿ ಉಳಿಯುತ್ತದೆ ಎಂಬುದು ನನ್ನ ಗೃಹಸ್ಥ ಬುದ್ಧಿ. ಅವಳಿಗೆ 8ರ ಎರಡು ಬೇಕು. ಕಾರಣವಿದೆ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮರಿ ಇಲ್ಲ, ರ್‍ಯಾಮಿನಿಂದಲೇ ಕಡ ತರಬೇಕು. ಒಂದು ಕಡ್ಡಿಯ ದಾರಿಯಲ್ಲಿ ಸೆಕೆಂಡಿಗೆ 25.6 ಜಿಬಿ ಹರಿದರೆ, ಎರಡು ಕಡ್ಡಿ ಜೋಡಿಯಾದಾಗ 51.2. ಕೆಲಸಕ್ಕೆ ಒಂಟೆತ್ತು ಸಾಲದು, ಜೋಡಿ ಬೇಕು, ಅದೂ ಒಂದೇ ಎತ್ತರದ ಜೋಡಿ. ಕ್ಯಾಡ್ ಚಿತ್ರವನ್ನು ತಿರುಗಿಸಿದಾಗ ಅದು ಬೆಣ್ಣೆಯಂತೆ ಹೊರಳುವುದೋ ತಡವರಿಸುವುದೋ ಇಲ್ಲೇ ನಿರ್ಧಾರವಾಗುತ್ತದೆ. (ಎಐ ಕೇಂದ್ರಗಳ ಹಸಿವಿಗೆ ಮೆಮರಿ ಕಾರ್ಖಾನೆಗಳು ಬಾಗಿದ ಮೇಲೆ ರ್‍ಯಾಮಿನ ಬೆಲೆ ಎಲ್ಲಿಗೋ ಹೋಗಿದೆ. ಆ ಎರಡು ಕಡ್ಡಿಗಳಿಗೆ ಅಂದು ಕೊಟ್ಟ ದುಡ್ಡು ನೆನೆದರೆ ಈಗ ಅಗ್ಗದ ಕಾಲದಲ್ಲಿ ಬಂಗಾರ ಕೊಂಡವರ ಗರ್ವ ಬರುತ್ತದೆ.)

ಸಂಭಾಜಿನಗರ ಮುಟ್ಟಿದ ದಿನ ಭಾನುವಾರ. ಕ್ಯಾನಾಟ್ ಪ್ಲೇಸಿನಲ್ಲಿ ಅವಳು ಗುರುತು ಮಾಡಿಟ್ಟಿದ್ದ ಅಂಗಡಿ ಮುಚ್ಚಿತ್ತು. ಏನು ಮಾಡುವುದು ಎಂದು ಬೀಬೀ ಕಾ ಮಕ್ಬರಾಕ್ಕೆ ಹೋದೆವು. ನಾನು ಅದನ್ನು ಹಿಂದೆಯೂ ನೋಡಿದ್ದೆ. ನೋಡಿ, ಎಲ್ಲರಂತೆ ಬಡವರ ತಾಜಮಹಲು ಎಂದು ನಕ್ಕು ಬಂದಿದ್ದೆ. ಔರಂಗಜೇಬನ ಬೇಗಂ ದಿಲ್‌ರಸ್ ಬಾನುವಿನ ಸಮಾಧಿ. ಮಗ ಆಜಂ ಶಾ ಕಟ್ಟಿಸಿದ್ದು ಎನ್ನುವುದು ವಾಡಿಕೆ. ವಿನ್ಯಾಸ ಅತಾವುಲ್ಲಾನದು, ಎಂದರೆ ತಾಜಮಹಲಿನ ಮುಖ್ಯ ವಾಸ್ತುಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿಯ ಮಗನದು. ಅಪ್ಪನ ಪಾಲಿಗೆ ಬಾಗಿಲು ತೆರೆದ ಖಜಾನೆ, ಮಗನ ಪಾಲಿಗೆ ಬಿಗಿದ ಚೀಲ. ಪರಂಪರೆಯಲ್ಲಿ ಉಳಿದು ಬಂದ ಲೆಕ್ಕ 6,68,203 ರೂಪಾಯಿ 7 ಆಣೆ. ತಾಜಿಗೆ ಕೋಟಿಗಳ ಮಾತು. ಆ ಏಳು ಆಣೆ ನನಗೆ ಬಹಳ ಇಷ್ಟ. ಆರೂವರೆ ಲಕ್ಷ ದಾಟಿದ ಮೇಲೂ ಏಳು ಆಣೆಯನ್ನು ಬಿಡದೆ ಬರೆದಿಟ್ಟ ಆ ಕರಣಿಕನಿಗೂ ನನ್ನ ಮುಂದೆ ನಡೆಯುತ್ತಿದ್ದ, ಡೈರಿಯಲ್ಲಿ ಆಟೋ ಬಾಡಿಗೆ ಬರೆದುಕೊಳ್ಳುತ್ತಿದ್ದ ಹುಡುಗಿಗೂ ಏನೋ ನೆಂಟಸ್ತಿಕೆ.

ಆ ದಿನ ನಾನು ನಗಲಿಲ್ಲ. ಕಾರಣ, ಎರಡು ದಿನದಿಂದ ನಮ್ಮ ತಲೆಯಲ್ಲಿ ಬೇರೆ ಮಾತೇ ಇರಲಿಲ್ಲ: ಇದ್ದ ದುಡ್ಡಿನಲ್ಲಿ ಯಾವುದಕ್ಕೆ ಎಷ್ಟು. ಆ ಕಣ್ಣಿನಿಂದ ನೋಡಿದರೆ ಕಟ್ಟಡ ತನ್ನ ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸುತ್ತದೆ. ಸಮಾಧಿಯ ಗೋಡೆಗೆ ಬುಡದಲ್ಲಿ, ಮನುಷ್ಯನ ಕೈಗೆ ತಾಗುವ ಎತ್ತರದವರೆಗೆ ಅಮೃತಶಿಲೆ. ಅಲ್ಲಿಂದ ಗುಮ್ಮಟದ ಪಾದದವರೆಗೆ ಈ ನೆಲದ್ದೇ ಕರಿಕಲ್ಲು, ಮೇಲೆ ನಯವಾಗಿ ತಿಕ್ಕಿದ ಗಾರೆ, ಗಾರೆಯಲ್ಲೇ ಅರಳಿಸಿದ ಹೂಬಳ್ಳಿ. ಗುಮ್ಮಟ ಬಂದಾಗ ಮತ್ತೆ ಅಮೃತಶಿಲೆ. ಮುಟ್ಟುವ ಕೈಗೆ ಒಂದು ಪಾಲು, ದೂರದಿಂದ ನೋಡುವ ಕಣ್ಣಿಗೆ ಒಂದು ಪಾಲು. ನಡುವಿನದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ. ತಾಜಿನ ಚೆಲುವಿಗೆ ಇದು ಸಾಟಿಯೆಂದು ನಾನು ವಾದಿಸಲಾರೆ. ಮಿನಾರುಗಳು ಇಕ್ಕಟ್ಟಾಗಿ ಹತ್ತಿರ ಬಂದು ನಿಂತಿವೆ, ಗಾರೆ ಅಲ್ಲಲ್ಲಿ ಕಪ್ಪಾಗಿದೆ. ಆದರೆ ಅಪ್ಪನಿಗೆ ಬೀಳದ ಒಂದು ಲೆಕ್ಕ ಮಗನ ತಲೆಯ ಮೇಲೆ ಬಿದ್ದಿತ್ತು, ಅಮೃತಶಿಲೆ ಎಲ್ಲಿ, ಗಾರೆ ಎಲ್ಲಿ ಎಂದು. ಅದನ್ನು ಅವನು ಬಿಡಿಸಿದ ರೀತಿಗೆ ತಲೆದೂಗಿದೆ. (ಊರಿಂದ 30 ಕಿಲೋಮೀಟರಿನಾಚೆ ನಮ್ಮ ರಾಷ್ಟ್ರಕೂಟರ ಕೈಲಾಸವಿದೆ. ಅದನ್ನೂ ಈ ಡಬ್ಬಿಯೊಳಗೆ ತುರುಕುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ.)

ಹುಲ್ಲಿನ ಮೇಲೆ ಕೂತು ಡೈರಿ ತೆರೆದಳು. ಗಾರೆಯ ಪಟ್ಟಿ ಮೊದಲು. ಹಾರ್ಡ್ ಡಿಸ್ಕಿನ ಬದಲಿಗೆ ಬಂದಿರುವ ಎಂ.2 ಎಸ್‌ಎಸ್‌ಡಿ, 22 ಮಿಲಿಮೀಟರ್ ಅಗಲ, 80 ಉದ್ದದ ಪಟ್ಟಿ, ಚೂಯಿಂಗ್ ಗಮ್ಮಿನ ಹಾಳೆಯಂಥದು. ಅಂಗಡಿಗಳಲ್ಲಿ ಎಲ್ಲರೂ ಆಗ ನಾಲ್ಕನೇ ತಲೆಮಾರಿನದನ್ನೇ ಮುಂದೆ ಹಿಡಿಯುತ್ತಿದ್ದರು, ಸೆಕೆಂಡಿಗೆ 7 ಜಿಬಿ ಎಂದು. ಆದರೆ ಅವಳ ಪ್ರೊಸೆಸರು ಮೂರನೇ ತಲೆಮಾರಿನ ದಾರಿಯಷ್ಟೇ ಬಲ್ಲದು. ಏಳು ಕೊಂಡರೂ ಒಳಗೆ ಬರುವುದು ಮೂರೂವರೆ. ಆದ್ದರಿಂದ ಹಿಂದಿನ ತಲೆಮಾರಿನದೇ ಸಾಕು, 500 ಜಿಬಿ. ವೈಫೈ ಬೋರ್ಡಿನಲ್ಲೇ ಇದೆ. ಬಣ್ಣದ ದೀಪ ಮಿನುಗುವ ಯಾವುದೂ ಬೇಡ. ಕ್ಯಾಬಿನೆಟ್ಟಿಗೆ ಗಾಜು ಬೇಡ, ತಗಡು ಸಾಕು, ಆದರೆ ಉಸಿರಾಡಲು ಜಾಲಿ ಬೇಕು. ಈ ಸಣ್ಣ ಡಬ್ಬಿಗಳನ್ನು ಲೀಟರಿನಲ್ಲಿ ಅಳೆಯುತ್ತಾರೆ ಎಂಬುದು ನನಗೆ ಹೊಸ ರುಚಿ. ಮಾಮೂಲಿ ಕ್ಯಾಬಿನೆಟ್ಟು 40 ಲೀಟರು, ಒಂದು ಹಂಡೆ. ಅವಳು ಆರಿಸಿದ್ದು 4 ಲೀಟರು, ಹಾಲಿನ ಕ್ಯಾನು.

ಅಮೃತಶಿಲೆಯ ಪಟ್ಟಿ ಬಹಳ ಚಿಕ್ಕದು. ಬೋರ್ಡು, ಅದಾಗಿತ್ತು. ಕರೆಂಟು. ಸದ್ದು.

ಕರೆಂಟಿನ ಮಾತು ಚಿಕ್ಕದರಲ್ಲೇ ಮುಗಿಸುತ್ತೇನೆ. ದೊಡ್ಡ ಡಬ್ಬಿಯ ಒಳಗೆ ಕೂರುವ ಎಸ್‌ಎಂಪಿಎಸ್ ಇಲ್ಲಿ ಇಲ್ಲ. ಲ್ಯಾಪ್‌ಟಾಪಿನ ಹಾಗೆ ಹೊರಗೆ 19 ವೋಲ್ಟಿನ, 120 ವಾಟಿನ ಅಡಾಪ್ಟರು, ಒಳಗೆ ಅದನ್ನು 12, 5, 3.3 ವೋಲ್ಟಿಗೆ ಒಡೆಯುವ ಸಣ್ಣ ಪಟ್ಟಿ. ಒಲೆಯನ್ನು ಹಿತ್ತಿಲಲ್ಲಿ ಹೂಡಿ ಅನ್ನವನ್ನು ಒಳಗೆ ತಂದ ಹಾಗೆ, ಬಿಸಿಯಲ್ಲಿ ಒಂದು ಪಾಲು ಹೊರಗೇ ಉಳಿಯಿತು. ಸೋಮವಾರ ಆ ಅಂಗಡಿ ತೆರೆದಾಗ ಹೋದೆವು; ಹೆಸರಿಲ್ಲದ ಅಡಾಪ್ಟರು ಅರ್ಧ ಬೆಲೆಗೆ ಇತ್ತು. ಅದನ್ನು ಕೈಯಲ್ಲಿ ತೂಗಿ ನೋಡಿ, ಹಗುರವಾಗಿದೆ ಎಂದು ಕೆಳಗಿಟ್ಟಳು. ಇದು ಶಾಸ್ತ್ರವೇನಲ್ಲ, ಆದರೆ ಕಾರ್ಖಾನೆಯಲ್ಲಿ ನಾವೂ ಹಾಗೇ ಮಾಡುತ್ತೇವೆ.

ಸದ್ದಿನದು ದೊಡ್ಡ ಕಥೆ. ಪ್ರೊಸೆಸರಿನ ಪೆಟ್ಟಿಗೆಯಲ್ಲಿ ಪುಕ್ಕಟೆ ಬಂದ ಫ್ಯಾನಿನ ಎತ್ತರ 54 ಮಿಲಿಮೀಟರ್. ಡಬ್ಬಿಯೊಳಗೆ ಸಿಗುವುದು 45. ಪುಕ್ಕಟೆಯದು ಮೂಲೆ ಸೇರಿತು. (ಈಗ ಅದು ಅವಳ ಪೇಪರ್‌ವೇಟು.) ಹಾಗಾಗಿ ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಗಿಡ್ಡ ಕೂಲರು, ಫ್ಯಾನೂ ಸೇರಿ 37 ಮಿಲಿಮೀಟರು. ನಾಕ್ಟುವಾ ಎಂದರೆ ಲ್ಯಾಟಿನ್ನಿನಲ್ಲಿ ಗೂಬೆ. ಸದ್ದಿಲ್ಲದೆ ಹಾರುವ ಹಕ್ಕಿ. ಫ್ಯಾನಿನ ಬಣ್ಣ ಚೌಕಟ್ಟಿಗೆ ಕೆನೆ, ರೆಕ್ಕೆಗೆ ಕಂದು. ಹಲವರಿಗೆ ಅದು ವಿಕಾರವಾಗಿ ಕಾಣುತ್ತದಂತೆ. ನನಗೆ ಚಹಾದ ಬಣ್ಣ ಕಂಡಿತು, ಒಂದು ಖಡಕ್ಕು, ಒಂದು ಹಾಲು ಹೆಚ್ಚಿದ್ದು. ಬೆಲೆ ಕೇಳಿ ಮಾತ್ರ ಗಂಟಲು ಒಣಗಿತು. ಇಷ್ಟು ದುಡ್ಡು ಗಾಳಿಗೆ ಹಾಕುವುದೇ?

ಅವಳು ಕೂಲರನ್ನು ಮಗುಚಿ ಕೈಗಿತ್ತಳು. ತಣ್ಣಗೆ, ಗಾತ್ರಕ್ಕೆ ಮೀರಿದ ಭಾರ. ತಳ ಬೆಳ್ಳಗಿತ್ತು. ಒಳಗೆ ತಾಮ್ರ, ಮೇಲೆ ನಿಕ್ಕಲ್ಲಿನ ಲೇಪ ಎಂದಳು. ಅಷ್ಟು ಕೇಳಿದ್ದೇ ನಾನು ನಾಸಿಕ್‌ನ ಭಾಂಡಿ ಬಜಾರಿಗೆ ಹೋಗಿಬಿಟ್ಟೆ. ಹಳೆಯ ಪೇಟೆಯಲ್ಲಿ ತಾಂಬಟರ ಓಣಿ, ತಾಮ್ರದ ಹಂಡೆ ಬಡಿಯುವ ಟಣ್ ಟಣ್, ಪಾತ್ರೆಯ ಒಳಗೆ ತವರದ ಕಲಾಯಿ ಉಜ್ಜಿದಾಗ ಕೆಂಪು ಒಮ್ಮೆಗೇ ಬೆಳ್ಳಿಯಾಗುವ ಗಳಿಗೆ. ಇದೂ ಕಲಾಯಿ ಹಾಕಿದ ತಾಮ್ರವೇ. ಅಜ್ಜಿ ಹಾಲು ಕಾಯಿಸಲು ತಾಮ್ರದ ಬುಡವನ್ನೇ ಬಯಸಿದ್ದಕ್ಕೂ ಆಸ್ಟ್ರಿಯಾದವರು ಇಲ್ಲಿ ತಾಮ್ರ ಇಟ್ಟದ್ದಕ್ಕೂ ಕಾರಣ ಒಂದೇ. ಶಾಖವನ್ನು ಸಾಗಿಸುವ ಲೆಕ್ಕದಲ್ಲಿ ತಾಮ್ರಕ್ಕೆ 400ರ ಹತ್ತಿರ ಅಂಕ, ಅಲ್ಯೂಮಿನಿಯಮ್ಮಿಗೆ 237ರ ಹತ್ತಿರ. ತಳದಿಂದ ಎರಡು ಕೊಳವೆಗಳು ಬಾಗಿ ರೆಕ್ಕೆಗಳೊಳಗೆ ಹೊಕ್ಕಿವೆ. ಅವು ಗಟ್ಟಿ ಸರಳುಗಳೆಂದು ತಿಳಿದಿದ್ದೆ, ಪೊಳ್ಳು. ಗಾಳಿ ತೆಗೆದ ಕೊಳವೆಯಲ್ಲಿ ಕೆಲವು ಹನಿ ದ್ರವ. ಬಿಸಿಯಾದ ತುದಿಯಲ್ಲಿ ಅದು ಆವಿಯಾಗುತ್ತದೆ, ತಂಪಿನ ತುದಿಗೆ ಓಡಿ ಮತ್ತೆ ಹನಿಯಾಗುತ್ತದೆ, ಒಳಗೋಡೆಯ ಬತ್ತಿಯಂಥ ಪದರ ಹಿಡಿದು ಹಿಂದಿರುಗುತ್ತದೆ. ಒಂದು ಬೆರಳಿನೊಳಗೆ ಮುಚ್ಚಿಟ್ಟ ಮಳೆಗಾಲ, ಮೋಟಾರಿಲ್ಲ, ಸದ್ದಿಲ್ಲ, ವರ್ಷಗಟ್ಟಲೆ. ಮರಾಠವಾಡದ ಬರದ ನೆಲದಲ್ಲಿ ನಿಂತು ಇದನ್ನು ಕೇಳಿದ್ದಕ್ಕೋ ಏನೋ, ಬೆಲೆಯ ಮಾತು ನನ್ನ ಬಾಯಲ್ಲಿ ಮತ್ತೆ ಬರಲಿಲ್ಲ.

ಒಂದು ಪ್ರಾಮಾಣಿಕ ಮಾತು ಇಲ್ಲಿ ಹೇಳಬೇಕು. ಅದೇ ಅಂಗಡಿಯವರು ಇನ್ನೊಂದು ದಾರಿ ತೋರಿಸಿದರು. ಕಚೇರಿಗಳಲ್ಲಿ ಮೂರ್ನಾಲ್ಕು ವರ್ಷ ದುಡಿದು ಹೊರಬಂದ, ಲೆನೋವೊ ಥಿಂಕ್‌ಸೆಂಟರ್ ಟೈನಿಯಂಥ, ಒಂದೇ ಲೀಟರಿನ ಡಬ್ಬಿಗಳು. ಮಾನಿಟರಿನ ಬೆನ್ನಿಗೇ ತಿರುಪು ಹಾಕಿ ನೇತುಹಾಕಬಹುದು. ನಮ್ಮ ಲೆಕ್ಕದ ಅರ್ಧಕ್ಕೂ ಕಡಿಮೆ. ದುಡ್ಡಿಗೆ ತಕ್ಕ ಮಾಲು ಎಂದರೆ ಅದೇ, ಯಾವ ವಿದ್ಯಾರ್ಥಿ ಕೇಳಿದರೂ ನಾನು ಇಂದಿಗೂ ಮೊದಲು ಅದನ್ನೇ ಹೇಳುತ್ತೇನೆ. ನನ್ನ ಮನಸ್ಸು ವಾಲಿದ್ದನ್ನು ಕಂಡು ಹುಡುಗಿ ಡಬ್ಬಿಯನ್ನು ಗೌರವದಿಂದಲೇ ತಿರುಗಿಸಿ ನೋಡಿ, "ಚೊಲೋ ಐತ್ರಿ ಮಾಮಾ. ಆದ್ರ ಇದು ಸಿಕ್ಕಿದ್ದು, ಆರಿಸಿದ್ದಲ್ಲ" ಎಂದಳು. ದುಡ್ಡು ಉಳಿಸುವ ಅವಕಾಶ ಆ ಒಂದು ಮಾತಿಗೆ ಹೋಯಿತು. ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.

ಜೋಡಿಸುವ ಕೆಲಸ ಸಂಜೆ ಕೋಣೆಯಲ್ಲಿ, ಗೆಳತಿಯ ಅರ್ಧ ಮೇಜನ್ನೂ ಸಾಲ ಪಡೆದು. ನಾಲ್ಕು ಲೀಟರಿನಲ್ಲಿ ಕೈಯಾಡಿಸಲು ಎಡೆ ಇಲ್ಲ, ಆದ್ದರಿಂದ ಯಾವುದರ ಹಿಂದೆ ಯಾವುದು ಎಂಬ ಕ್ರಮ ತಪ್ಪಿದರೆ ಎಲ್ಲ ಬಿಚ್ಚಬೇಕು. ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಮಣೆಯ ತ್ರಿಕೋನಕ್ಕೆ ಹೊಂದಿಸಿ, ಸನ್ನೆಕೋಲು ಎತ್ತಿ, ಬಿಟ್ಟಳು. ಒತ್ತಲಿಲ್ಲ, ಇಟ್ಟಳು ಅಷ್ಟೆ. 1331 ಕಾಲುಗಳು ತಮ್ಮ ತಮ್ಮ ಗುಳಿಗಿಳಿದವು, ಸದ್ದೂ ಬರಲಿಲ್ಲ. ಬೆನ್ನಿನ ಮೇಲೆ ಬಟಾಣಿ ಕಾಳಿನಷ್ಟು ಪೇಸ್ಟು. ಲೋಹಕ್ಕೆ ಲೋಹ ತಾಗಿಯೇ ಇದೆ ಎಂದು ನಮಗೆ ಕಂಡರೂ ನಡುವೆ ಗಾಳಿ ಕೂತಿರುತ್ತದೆ, ಗಾಳಿ ಶಾಖವನ್ನು ಬಿಟ್ಟುಕೊಡದ ಜಿಪುಣ. ಆ ಸಂದು ಮುಚ್ಚಲು ಇದು. ಕೂಲರಿನ ತಿರುಪುಗಳು ಬೋರ್ಡಿನ ಬೆನ್ನಿನಿಂದ ಬರುವುದರಿಂದ ಡಬ್ಬಿಗೆ ಇಳಿಸುವ ಮುಂಚೆಯೇ ಬಿಗಿಯಬೇಕು: ಒಂದನ್ನು ಎರಡು ಸುತ್ತು, ಎದುರು ಮೂಲೆಯದನ್ನು ಎರಡು ಸುತ್ತು. ನನಗೆ ಕೊಟ್ಟ ಒಂದೇ ಕೆಲಸ ಎಸ್‌ಎಸ್‌ಡಿಯ ತಿರುಪು. ಅದು ಸಾಸಿವೆಗಿಂತ ತುಸು ದೊಡ್ಡದು. ಇಪ್ಪತ್ತು ವರ್ಷ ಲೇಥಿನ ಮುಂದೆ ನಿಂತವನ ಬೆರಳಿಂದ ಅದು ಜಾರಿ ಮಂಚದ ಕೆಳಗೆ ಹೋಯಿತು. ಮೂವರೂ ಮೊಬೈಲಿನ ಬೆಳಕು ಹಿಡಿದು ನೆಲದ ಮೇಲೆ ಮಲಗಿ ಹುಡುಕಿದೆವು. ಕೊನೆಗೆ ಗೆಳತಿಯ ಪೊರಕೆಯ ಕಡ್ಡಿಗಳ ನಡುವೆ ಸಿಕ್ಕಿತು. ಆಮೇಲೆ ರ್‍ಯಾಮು. ಅದು ಕೂರುವಾಗ ಮಾತ್ರ ಸದ್ದುಂಟು, ಎರಡು ಕಡೆಯ ಚಿಲಕ ತಾನಾಗಿ ಬಿದ್ದು ಟಕ್ ಎನ್ನುತ್ತದೆ. ಎರಡು ಕಡ್ಡಿ, ಎರಡು ಟಕ್. ತೆಂಗಿನಕಾಯಿ ಸರಿಯಾಗಿ ಒಡೆದಾಗ ಆಗುವಂಥ ಸಮಾಧಾನ.

ದೀಪಾವಳಿಗೆ ನಾನೂ ಊರಿಗೆ ಹೋದೆ. ಅವಳು ಸಂಭಾಜಿನಗರದ ಬಸ್ಸಿನಿಂದ ಇಳಿದಾಗ ಒಂದು ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿದ ಡಬ್ಬಿ. ತಿಕೋಟಾದ ಮನೆಯಲ್ಲಿ ಟಿವಿಯ ಪಕ್ಕ, ಒಣದ್ರಾಕ್ಷಿಯ ಸ್ಟೀಲ್ ಡಬ್ಬದ ಎದುರು ಅದನ್ನಿಟ್ಟಳು. ಸ್ಟೀಲ್ ಡಬ್ಬವೇ ದೊಡ್ಡದಿತ್ತು. ಅಕ್ಕ ಎರಡನ್ನೂ ನೋಡಿ, ಏನೂ ಅನ್ನದೆ, ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಟಿವಿಯಲ್ಲಿ ಅವಳ ಗೇರ್‌ಬಾಕ್ಸಿನ ಚಿತ್ರ ಮೂಡಿತು; ಮೌಸು ಎಳೆದಂತೆ ಹಲ್ಲುಚಕ್ರಗಳು ತಡವರಿಸದೆ ಹೊರಳಿದವು.

ನಾನು ಕಿವಿಯನ್ನು ಜಾಲಿಗೆ ಹಚ್ಚಿದೆ. ಏನೂ ಕೇಳಿಸಲಿಲ್ಲ. ಮೇಲೆ ಹಳೆಯ ಸೀಲಿಂಗ್ ಫ್ಯಾನು ಕಟಕಟ ಎನ್ನುತ್ತಿತ್ತು.

"ಅದನ್ನ ಒಮ್ಮಿ ಬಂದ್ ಮಾಡು" ಎಂದೆ.

"ಈ ಸೆಕಿಯೊಳಗ ಫ್ಯಾನ್ ಬಂದ್ ಮಾಡಂತಾನ, ಹುಚ್ಚಗಿಚ್ಚ ಹಿಡದೈತೇನು ನಿನಗ" ಎಂದು ಅಕ್ಕ ಬೈದಳು. ಆದರೆ ಹುಡುಗಿ ಎದ್ದು ಹೋಗಿ ಸ್ವಿಚ್ಚು ಆರಿಸಿದಳು. ಫ್ಯಾನು ನಿಧಾನಕ್ಕೆ ಸುತ್ತು ಕಡಿಮೆ ಮಾಡುತ್ತ ನಿಂತಿತು. ಮೂವರೂ ಬೆವರುತ್ತ, ತಲೆ ಬಗ್ಗಿಸಿ, ಕೇಳುತ್ತ ಕೂತೆವು.